ಆ ಕಡಿ ಸಾಲಿಗೆ ಮುಟ್ಟೋ ಕ್ರೇನು

ಕ್ರೇನಿನೊಳಗೂ ಸಣ್ಣದು, ನಡುವಿನದು, ದೊಡ್ಡದು ಅಂತ ಇರ್ತಾವ. ಇದು ನನಗೆ ಗೊತ್ತಾಗಿದ್ದು ಅರ್ಧ ಹಲ್ಲು ಉದುರಿದ ಮೇಲೆ. ಅಲ್ಲಿತನಕ ಕ್ರೇನು ಅಂದರೆ ರಸ್ತೆಬದಿ ಮಗುಚಿದ ಲಾರಿ ಎತ್ತೋ ಗಾಡಿ, ಅಷ್ಟೇ. ಹಡಗಿನಿಂದ ಕಂಟೇನರ್ ಇಳಿಸೋ ಕ್ರೇನು ಬೇರೇನೇ. ಕಂಟೇನರ್ ಅಂದರೆ ಕಬ್ಬಿಣದ ಉದ್ದನ್ನ ಪೆಟ್ಟಿಗಿ. ರಾಯಚೂರಿನಲ್ಲಿ ಹೈದರಾಬಾದ್ ರಸ್ತೆಗೆ ನಿಂತರೆ ಲಾರಿ ಮೇಲೆ ಹೋಗೋದು ದಿನಾ ಕಾಣ್ತದ. ಒಳಗೆ ಏನದ ಅಂತ ಹೊರಗಿನವರಿಗೆ ತಿಳಿಯೋದಿಲ್ಲ.

ಇದನ್ನೆಲ್ಲ ನನ್ನ ತಲಿಗೆ ತುಂಬಿದಾಕಿ ನನ್ನ ಮೊಮ್ಮಗಳು. ಮಗನ ಮಗಳು. ರಾಯಚೂರಿನಲ್ಲಿ ಐಟಿಐ ಮುಗಿಸಿ, ಊರ ಹೊರಗಿನ ಕಬ್ಬಿಣದ ಯಾರ್ಡಿನಲ್ಲಿ ಹೈಡ್ರಾ ಹೊಡೀತಿದ್ದಳು. ಹೈಡ್ರಾ ಅಂದರೆ ಗಾಲಿ ಇರೋ ಸಣ್ಣ ಕ್ರೇನು, ಮೂತಿ ಮುಂದಕ್ಕೆ ಚಾಚಿರ್ತದ, ಪೈಪು ಗೀಪು ಎತ್ತಿಕೊಂಡು ನಡೀತದ. ಮೊದಲ ತಿಂಗಳು ಅದನ್ನು ನೋಡಲಿಕ್ಕೆ ಮಂದಿ ಬಂದು ನಿಲ್ತಿದ್ದರು. ಕ್ರೇನು ನೋಡಲಿಕ್ಕಲ್ಲ, ಹೊಡೆಯೋ ಹುಡುಗಿ ನೋಡಲಿಕ್ಕೆ. ಆಮೇಲೆ ಅವರಿಗೂ ಬ್ಯಾಸರಾತು, ಬರೋದು ಬಿಟ್ಟರು.

ಆಕಿ ಹೈಡ್ರಾ ಹತ್ತುವಾಗ ಚಪ್ಪಲಿ ಕೆಳಗೆ ಬಿಟ್ಟು ಹತ್ತುತಿದ್ದಳು. ಯಾರ್ಡಿನವರು ನಕ್ಕು ಸುಮ್ಮನಾದರು. ಪೂಜಿ ಮಾಡ್ತಾಳೇನೋ ಅಂದುಕೊಂಡಿರಬೇಕು. ಪೂಜಿ ಅಲ್ಲ. ನಮ್ಮ ಮನಿಯಲ್ಲಿ ಗಾಡಿಗೆ ಲಿಂಬಿಹಣ್ಣು ಕಟ್ಟೋದಿಲ್ಲ. ನನ್ನ ಗಂಡ ಇದ್ದಾಗಲೇ ನಾವು ಬುದ್ಧವಿಹಾರಕ್ಕೆ ನಡೆದುಕೊಂಡವರು. ನಾನು ನಾಕಕ್ಷರ ಕಲಿತದ್ದೂ ಅಲ್ಲಿನ ಸಂಜಿ ಶಾಲಿಯಲ್ಲಿ. ಒತ್ತಕ್ಷರ ಈಗಲೂ ಕೈ ಕೊಡ್ತಾವ. ಚಪ್ಪಲಿ ಬಿಡೋ ರೂಢಿ ಮಿಲ್ಲಿನದು.

ನಾನು ಹುಟ್ಟಿದ್ದು ದೇವದುರ್ಗದ ಕಡಿ, ಗೂಗಲ್ಲಿನ ಹತ್ತಿರ, ಕೃಷ್ಣಾ ದಂಡಿಗೆ. ಕೊಟ್ಟದ್ದು ಮಾನ್ವಿ ತಾಲೂಕಿನ ಬಾಗಲವಾಡಕ್ಕೆ. ಗಂಡ ಹೆಂಡತಿ ಇಬ್ಬರೂ ಮಾನ್ವಿಯ ಅಕ್ಕಿ ಮಿಲ್ಲಿಗೆ ದುಡಿಯಲಿಕ್ಕೆ ಹೋಗ್ತಿದ್ದೆವು. ಆತ ಹಮಾಲ. ನನ್ನದು ಹರಿದ ಚೀಲ ಹೊಲಿಯೋದು, ಚೆಲ್ಲಿದ ಕಾಳು ಗುಡಿಸೋದು. ಮಿಲ್ಲಿನಲ್ಲಿ ಒಂದರ ಮೇಲೊಂದು ಒಟ್ಟಿದ ಚೀಲದ ನಿಟ್ಟು ಮಾಳಿಗಿ ಎತ್ತರ ಏರ್ತದ. ಅದರ ಮೇಲೆ ಹತ್ತೋ ಯಾವ ಹಮಾಲನೂ ಕಾಲಿಗೆ ಏನೂ ಹಾಕೋದಿಲ್ಲ. ಚೀಲದೊಳಗೆ ಇರೋದು ಅನ್ನ, ಅನ್ನದ ಮೇಲೆ ಚಪ್ಪಲಿ ಕಾಲು ಇಡಬಾರದು, ಇದು ಒಂದು. ಬರಿಗಾಲಿಗೆ ಚೀಲ ಜಾರೋದು ತಿಳೀತದ, ಇದು ಇನ್ನೊಂದು. ನಮ್ಮ ಮೊಮ್ಮಗಳು ಸಣ್ಣಾಕಿದ್ದಾಗ ಶಾಲಿ ಸೂಟಿಗೆ ನನ್ನ ಹತ್ತಿರ ಬಂದು ಇರ್ತಿದ್ದಳು. ಮಧ್ಯಾಹ್ನ ನಿಟ್ಟಿನ ತುದಿಗೆ ಹೋಗಿ ಮಲಗ್ತಿದ್ದಳು. ಚಪ್ಪಲಿ ಬಿಡದೆ ಒಮ್ಮೆ ಹತ್ತಿದ್ದಕ್ಕೆ ಅವರ ಅಜ್ಜ ಕೆಳಗೆ ಇಳಿಸಿ, ತಲಿ ಮೇಲೆ ಚಪ್ಪಲಿ ಇಡಿಸಿ ಕಟ್ಟಿ ಮೇಲೆ ನಿಲ್ಲಿಸಿದ್ದ. ಎಲ್ಲಾ ಹಮಾಲರೂ ನಕ್ಕರು. ಆವತ್ತಿನಿಂದ ಎತ್ತರ ಅಂದ ಕೂಡಲೇ ಆಕಿ ಕಾಲು ತಾನೇ ಚಪ್ಪಲಿ ಕಳೀತದ. ಬುದ್ಧಿ ಆಮೇಲೆ ಬರ್ತದ.

ಹೈಡ್ರಾ ಹೊಡೀತಾ ಹೊಡೀತಾ ಆಕಿಗೆ ಹಡಗಿನ ಕ್ರೇನಿನ ಹುಚ್ಚು ಹತ್ತಿತು. ಮೊಬೈಲಿನಲ್ಲಿ ಅದೇ ನೋಡೋದು. ಮದ್ರಾಸ್ ಕಡಿ ಒಂದು ಬಂದರಿನವರು ಕ್ರೇನು ಕಲಿಸಿ ಕೆಲಸ ಕೊಡ್ತಾರ, ಹೆಣ್ಣುಮಕ್ಕಳನ್ನೂ ತಗೋತಾರ, ಮೊದಲು ಒಂದು ಪರೀಕ್ಷೆ ಅದ ಅಂತ ಗೊತ್ತಾತು. ಅರ್ಜಿ ಹಾಕಿದಳು. ಪರೀಕ್ಷೆಗೆ ಬಾ ಅಂತ ಕರಿ ಬಂತು. ಆಕಿಗೆ ಬೇಕಾಗಿದ್ದು ಒಂದೇ, ಆ ಕ್ರೇನಿನ ಕುರ್ಚಿ. ಅದೂ ಎಲ್ಲಕ್ಕಿಂತ ದೊಡ್ಡ ಕ್ರೇನಿನದು.

ನನ್ನ ಮಗ ಒಲ್ಲೆ ಅಂದ. ಗಂಡ ಹೋದ ಮೇಲೆ ನಾನು ರಾಯಚೂರಿನಲ್ಲಿ ಅವನ ಮನಿಯಲ್ಲೇ ಇದ್ದೆ. ಅವ ಸರಕಾರಿ ಶಾಲಿಯಲ್ಲಿ ಜವಾನ, ಗಂಟಿ ಹೊಡೆದು ಹೊಡೆದು ಎಲ್ಲಾದಕ್ಕೂ ವೇಳೆ ಅದ ಅಂತ ತಿಳಿದಾನ. ಹೈಡ್ರಾ ಇಲ್ಲೇ ಅದ, ಮನಿ ಇಲ್ಲೇ ಅದ, ಅಷ್ಟು ದೂರ ಯಾಕ ಅನ್ನೋದು ಅವನ ಮಾತು. ಸೊಸಿ ಅಂಗನವಾಡಿ ಕೆಲಸದಾಕಿ, ಇಬ್ಬರ ನಡುವೆ ರೊಟ್ಟಿ ಬಡೀತಾ ಕುಂತಳು. ಬಡಿಯೋ ಸಪ್ಪಳ ಜೋರಾತು.

ನಾನು ಅವನಿಗೆ ಹೇಳಿದೆ, "ಯಪ್ಪಾ, ನೀ ಸಣ್ಣಾವಿದ್ದಾಗ ಗಿಲ್ಲೆಸುಗೂರಿನ ಬಸ್ಸು ಹತ್ತಿದ್ರ ವಾಂತಿ ಮಾಡತಿದ್ದಿ. ನಿನಗ ಹೆದರಿಕಿ ಅದ ಅಂತ ಆಕಿ ಯಾಕ ಕುಂದರಬೇಕು?"

ಅವ ಗಡ್ಡ ತುರಿಸಿಕೊಂಡ. "ನೀ ಜೋಡಿ ಹೋಗ್ತಿದ್ರ ಹೋಗ್ಲಿ ಬೇ," ಅಂದ. ನನ್ನ ಮೊಣಕಾಲು ನೋಡಿ, ಈ ಮುದುಕಿ ಎಲ್ಲಿ ಹೋಗ್ತಾಳ ಅಂತ ಹಾಂಗ ಅಂದಿದ್ದ. ನಾನು ಹೋಗ್ತೀನಿ ಅಂದೆ. ಅಲ್ಲಿಗೆ ಮುಗೀತು.

ಪರೀಕ್ಷೆಗೆ ಇನ್ನೂ ದಿನ ಇತ್ತು. ಆ ನಡುವೆ ನಾವಿಬ್ಬರೂ ಬಾಗಲವಾಡಕ್ಕೆ ಒಂದು ಮದುವಿಗೆ ಹೋದೆವು. ಬರುವಾಗ ಮಾನ್ವಿಯಲ್ಲಿ ಇಳಿದು ಹಳೇ ಮಿಲ್ಲಿಗೆ ಹೋದೆವು. ನನಗೆ ನುಚ್ಚು ಬೇಕಾಗಿತ್ತು. ಮಿಲ್ಲಿನ ಮುಂದಿನ ಕಟ್ಟಿ ಮಗ್ಗಲಿಗೆ ಲಾರಿ ಹಚ್ಚಿ ಚೀಲ ತುಂಬುತಿದ್ದರು. ಕಟ್ಟಿ ಮೇಲೆ ಕುಂತು ನೋಡ್ತಾ ನೋಡ್ತಾ, ದೊಡ್ಡ ಕ್ರೇನು ಅಂದರೆ ಬಹಳ ಭಾರ ಎತ್ತೋದೇನು ಅಂತ ಕೇಳಿದೆ. ಅಲ್ಲ ಅಂದಳು. ಬಹಳ ಎತ್ತರದ್ದೇನು ಅಂದೆ. ಎತ್ತರ ಇರ್ತದ ಖರೆ, ಆದರೆ ಅದೂ ಲೆಕ್ಕ ಅಲ್ಲ ಅಂದಳು.

"ಅಲ್ಲಿ ನೋಡು ಆಯಿ," ಅಂತ ಲಾರಿ ಕಡಿ ಕೈ ಮಾಡಿದಳು. "ಲಾರಿ ಅಂದ್ರ ಹಡಗ. ಈ ಕಟ್ಟಿ ಅಂದ್ರ ಬಂದರು. ನಡುವ ಹಾಕ್ಯಾರಲ್ಲ ಹಲಗಿ, ಅದು ಕ್ರೇನಿನ ಕೈ. ಕೈ ಎಷ್ಟು ಸಾಲು ದಾಟಿ ಆ ಕಡಿ ಮುಟ್ಟತದ, ಅದರ ಮ್ಯಾಲ ಕ್ರೇನಿನ ಅಳತಿ."

ತಟ್ಟನೆ ತಿಳೀತು. ಕಟ್ಟಿಯಿಂದ ಲಾರಿಯೊಳಗೆ ಹಲಗಿ ಹಾಕ್ತಾರ. ಗಿಡ್ಡ ಹಲಗಿ ಹಾಕಿದರೆ ಹಮಾಲ ಈ ಕಡಿ ಸಾಲಿಗೆ ಚೀಲ ಒಗೆದು ಬರ್ತಾನ. ಆ ಕಡಿ ಸಾಲಿಗೆ ಮುಟ್ಟಬೇಕಂದರೆ ಉದ್ದ ಹಲಗಿ ಬೇಕು. ಹಡಗಿನ ಮೇಲೆ ಕಂಟೇನರನ್ನು ಅಡ್ಡಕ್ಕೆ ಸಾಲು ಸಾಲು ಇಟ್ಟಿರ್ತಾರ. ಹನ್ನೆರಡು ಹದಿಮೂರು ಸಾಲಿನ ತನಕ ಮುಟ್ಟೋ ಕ್ರೇನಿಗೆ ಪನಾಮ್ಯಾಕ್ಸ್ ಅಂತಾರಂತ. ಹದಿನೆಂಟರ ಆಜುಬಾಜು ಮುಟ್ಟಿದರೆ ಪೋಸ್ಟ್ ಪನಾಮ್ಯಾಕ್ಸ್. ಇಪ್ಪತ್ತೆರಡು, ಅದಕ್ಕೂ ಆಚಿ ಹೋದರೆ ಸೂಪರ್ ಪೋಸ್ಟ್ ಪನಾಮ್ಯಾಕ್ಸ್. ಹೆಸರು ಹೇಳಲಿಕ್ಕೆ ನಾಲಿಗಿ ಹೊರಳೋದಿಲ್ಲ, ನಾನು ಸಣ್ಣದು, ನಡುವಿಂದು, ದೊಡ್ಡದು ಅಂತೀನಿ. ಆಕಿ ಸಿಟ್ಟಿಗೇಳ್ತಾಳ.

ಸಣ್ಣ ಕ್ರೇನಿನ ಮುಂದ ದೊಡ್ಡ ಹಡಗು ಬಂದರೆ ಅಂತ ಕೇಳಿದೆ. ಅರ್ಧಕ್ಕೆ ಮಾತ್ರ ಕೈ ಮುಟ್ಟತದ, ಹಡಗನ್ನ ತಿರುಗಿಸಿ ನಿಲ್ಲಿಸಬೇಕು ಅಂದಳು. ಹಾಂಗಾದರೆ ಎಲ್ಲಾ ಕಡಿ ದೊಡ್ಡದೇ ತಂದು ನಿಲ್ಲಿಸಬಾರದೇನು? ದೊಡ್ಡ ಕ್ರೇನಿನ ಕಾಲು ಭಾರ, ಕೆಳಗಿನ ಕಟ್ಟಿ ತಡೀಬೇಕು, ಹಳೇ ಕಟ್ಟಿ ಆದರೆ ಕುಸೀತದ ಅಂದಳು. ಈ ಮಾತಿಗೆ ಹಮಾಲನೊಬ್ಬ ನಿಂತು ಕೇಳಿ, "ನಮ್ಮ ಮಾಲಕಗ ಇದನ್ನ ಹೇಳವ್ವ, ಈ ಕಟ್ಟಿ ನಮ್ಮನ್ನ ನುಂಗೋದು ಬಾಕಿ ಅದ," ಅಂದ. ಕಟ್ಟಿ ನೋಡಿದರೆ ಖರೇನೇ, ಬಿರುಕು ಬಿಟ್ಟಿತ್ತು.

ಪನಾಮಾ ಅಂದರೆ ಏನು ಅಂತ ಕಾಲುವಿ ಸೇತುವಿ ಮೇಲೆ ಬಂದಾಗ ಹೇಳಿದಳು. ನಮ್ಮ ಎಡದಂಡಿ ಕಾಲುವಿ ಇದ್ದಾಂಗ ಅದೂ ಒಂದು ಕಾಲುವಿ. ನೀರುಣಿಸಲಿಕ್ಕಲ್ಲ, ಈ ಸಮುದ್ರದಿಂದ ಆ ಸಮುದ್ರಕ್ಕೆ ಹಡಗು ದಾಟಿಸಲಿಕ್ಕೆ. ಅದಕ್ಕೆ ಗೇಟು ಅದಾವ. ಆ ಗೇಟಿನೊಳಗೆ ಎಷ್ಟು ಅಗಲದ ಹಡಗು ಹಿಡೀತದೋ ಅಷ್ಟೇ ಅಗಲ ಹಡಗು ಕಟ್ಟಿದರು. ಆ ಹಡಗಿಗೆ ತಕ್ಕಂಗ ಕ್ರೇನು. ಮುಂದ ಗೇಟಿಗೆ ಹಿಡಿಸದ ಹಡಗೂ ಬಂದವು, ಆಮೇಲೆ ಇನ್ನೂ ಅಗಲದ ಗೇಟೂ ಆದವು, ಕ್ರೇನಿನ ಹೆಸರು ಮಾತ್ರ ಹಳೇ ಗೇಟಿನದೇ ಉಳೀತು. ನನಗೆ ಇದು ಹೊಸಾದು ಅನ್ನಿಸಲಿಲ್ಲ. ಕಾಲುವಿ ಬರೋಕ್ಕಿಂತ ಮೊದಲು ಈ ಕಡಿ ಜೋಳ, ಸಜ್ಜಿ. ಕಾಲುವಿ ಬಂತು, ಭತ್ತ ಬಂತು, ಮಿಲ್ಲು ಬಂತು, ಚೀಲ ಬಂತು, ನನ್ನ ಗಂಡನ ಬೆನ್ನಿಗೆ ಗಂಟು ಬಂತು. ಕಾಲುವಿ ಎಲ್ಲಾದಕ್ಕೂ ಅಳತಿ ಹಾಕ್ತದ.

ಮದ್ರಾಸಿನ ರೈಲು ರಾಯಚೂರಿನಿಂದಲೇ ಸಿಗ್ತದ. ಸೊಸಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಅಲ್ಲಿ ಇಳಿದು ಮತ್ತ ಬಸ್ಸು. ಸಮುದ್ರ ನಾನು ಅದೇ ಮೊದಲ ಸಲ ನೋಡಿದ್ದು. ಮಂದಿ ಹೇಳೋವಷ್ಟು ಏನೂ ಇಲ್ಲ, ಮೀನಿನ ನಾತ, ಬಗ್ಗಡ ನೀರು. ಕ್ರೇನು ಮಾತ್ರ ಹೇಳಿದ್ದಕ್ಕಿಂತ ದೊಡ್ಡವೇ ಇದ್ದವು. ಹಡಗು ಇಲ್ಲದ ಕಡಿ ನಿಂತವು ಕೈ ಮೇಲಕ್ಕೆತ್ತಿ ನಿಂತಿದ್ದವು, ನಮ್ಮ ಕಡಿ ಹಿಂದ ಬಾವಿಗೆ ಏತ ಇರ್ತಿತ್ತಲ್ಲ, ಹಾಂಗ. ಹಡಗಿಗೆ ಹತ್ತಿ ನಿಂತವು ಕೈ ಅಡ್ಡ ಚಾಚಿ ಕೆಲಸ ಮಾಡಾಕತ್ತಿದ್ದವು. ಅದರ ಕೈಗುಂಟ ಒಂದು ಗಾಜಿನ ಗೂಡು ಹಿಂದಕ್ಕೂ ಮುಂದಕ್ಕೂ ಸರಿದಾಡತಿತ್ತು. ಅದರೊಳಗೆ ಒಬ್ಬರು ಕುಂದರಬೇಕು. ಗೂಡಿನ ನೆಲ ಸೈತ ಗಾಜು. ಕಾಲಿನ ನಡುವೆ ಬಗ್ಗಿ ಕೆಳಗೆ ನೋಡ್ತಾ ಪೆಟ್ಟಿಗಿ ಎತ್ತಬೇಕು.

ನಾನು ಹುಟ್ಟಿದ ಊರಾಗ ಹರಗೋಲು ನೋಡಿದಾಕಿ. ಇಬ್ಬರು ಒಂದೇ ಬದಿಗೆ ಕುಂತರೆ ಅಂಬಿಗ ಬೈತಿದ್ದ. ಅಲ್ಲಿ ಆ ಕಡಿ ಸಾಲು, ಈ ಕಡಿ ಸಾಲು ಸಮ ನೋಡಿ ಇಳಿಸೋದು ಕಂಡು, ಇಲ್ಲಿಯೂ ಒಬ್ಬ ಅಂಬಿಗ ಇದ್ದಾನ, ಬೈಯೋದು ನಮಗೆ ಕೇಳೋದಿಲ್ಲ ಅಂದುಕೊಂಡೆ.

ನನ್ನನ್ನ ಗೇಟಿನ ಹೊರಗಿನ ಶೆಡ್ಡಿನಲ್ಲಿ ಕೂಡಿಸಿದರು. ಒಳಗೆ ಬಿಡೋದಿಲ್ಲ. ಪರೀಕ್ಷೆಗೆ ಬಂದವರೆಲ್ಲ ತಲಿಗೆ ಟೊಪ್ಪಿಗಿ, ಕಾಲಿಗೆ ಕಬ್ಬಿಣದ ಮೂತಿಯ ಬೂಟು ಹಾಕಿಕೊಂಡು ಒಳಗೆ ಹೋದರು. ಬೂಟು ಅವರೇ ಕೊಟ್ಟಿದ್ದರು. ಮುಂದಿನದು ಆಕಿ ಹೊರಗೆ ಬಂದ ಮೇಲೆ ಹೇಳಿದ್ದು.

ಮೊದಲು ಬಾಯಿಪರೀಕ್ಷೆ. ಸಣ್ಣ, ನಡು, ದೊಡ್ಡ ಕ್ರೇನಿನ ಅಳತಿ ಕೇಳಿದರು. ಸರಿಯಾಗಿ ಹೇಳಿದಳು. ಪರೀಕ್ಷೆ ಮಾಡೋ ಸಾಹೇಬ ತೆಲುಗಿನಲ್ಲಿ ಮಾತಾಡತಿದ್ದ, ರಾಯಚೂರಿನವರಿಗೆ ತೆಲುಗು ಹೊರಗಿಂದಲ್ಲ. ಆಮೇಲೆ ಕ್ರೇನು ಹತ್ತಬೇಕು, ಎತ್ತರಕ್ಕೆ ತಲಿ ತಿರುಗ್ತದೋ ಇಲ್ಲೋ ನೋಡಲಿಕ್ಕೆ. ಒಬ್ಬೊಬ್ಬರನ್ನೇ ಕರೆದರು. ಈಕಿ ಹೆಸರು ಬಂತು. ಕ್ರೇನಿನ ಕಾಲಿನ ಹತ್ತಿರ ಮೆಟ್ಟಿಲು. ಅಲ್ಲಿಗೆ ಹೋದಾಕಿ ಬಗ್ಗಿ, ಎರಡೂ ಬೂಟು ಕಳಚಿ, ಜೋಡಿಸಿಟ್ಟು, ಬರಿಗಾಲಿನಲ್ಲಿ ಮೆಟ್ಟಿಲಿಗೆ ಕಾಲಿಟ್ಟಳು.

ಹಿಂದ ನಿಂತ ಹುಡುಗರು ನಕ್ಕರು. ಸಾಹೇಬ ನಗಲಿಲ್ಲ. ಇಳಿ ಅಂದ. ಇಲ್ಲಿ ಬೂಟು ಕಳಚಿದವರನ್ನ ಅದೇ ಹೊತ್ತಿಗೆ ಮನಿಗೆ ಕಳಿಸ್ತೀವಿ, ಅದು ಮೊದಲ ಕಟ್ಟಳಿ ಅಂದ. ಈಕಿ ಇಳಿದು ನಿಂತಳು. ಕಾಲು ಸುಡಾಕತ್ತಿತ್ತಂತ, ಕಬ್ಬಿಣ, ಬಿಸಿಲು. ಯಾಕ ಕಳಚಿದಿ ಅಂತ ಕೇಳಿದ.

"ರೂಢಿ ಸಾರ್. ನಮ್ಮ ಕಡಿ ಚೀಲದ ನಿಟ್ಟು ಹತ್ತುವಾಗ ಬಿಡ್ತೀವಿ. ಕೆಳಗ ಅಕ್ಕಿ ಇರ್ತದ."

"ಇಲ್ಲಿ ಎಲ್ಲಿ ಅಕ್ಕಿ ಅದ?"

"ಆ ಕಂಟೇನರ್ ಡಬ್ಬಿಯೊಳಗ ಏನದ ಅಂತ ನನಗ ಗೊತ್ತಿಲ್ಲ ಸಾರ್," ಅಂದಳಂತ.

ಸಾಹೇಬ ಹಡಗಿನ ಕಡಿ ನೋಡಿದ. ಆ ಪೆಟ್ಟಿಗಿಯೊಳಗೆ ಅಕ್ಕಿನೂ ಇರ್ತದಂತ. ನಮ್ಮ ಕಡಿ ಅಕ್ಕಿನೂ ಇದ್ದೀತು, ಯಾರು ಕಂಡಾರ. ಆದರೆ ಅವ ಕರಗೋ ಮನಶ್ಯಾ ಅಲ್ಲ. ಮೇಲಿಂದ ಒಂದು ನಟ್ಟು ಬಿದ್ದರೆ ಪಾದ ಹೋಗ್ತದ, ಆಗ ನಿನ್ನ ಅಕ್ಕಿ ಬಂದು ಕಾಲು ಕೊಡ್ತದೇನು ಅಂತ ಬೈದ. ಬೈದು, ಬೂಟು ಹಾಕ್ಕೊಂಡು ಸಾಲಿನ ಕಟ್ಟಕಡೀಗೆ ಹೋಗಿ ನಿಲ್ಲು, ವೇಳೆ ಉಳಿದರೆ ನೋಡ್ತೀನಿ ಅಂದ.

ಅಷ್ಟು ಹೊತ್ತೂ ನಾನು ಶೆಡ್ಡಿನಲ್ಲಿ ಕುಂತಿದ್ದೆ. ಪರೀಕ್ಷೆ ಮುಗಿಸಿದವರು ಹೊರಗೆ ಬರಾಕತ್ತಿದರು. ಒಬ್ಬ ಹುಡುಗ ಬಂದು ವಾಂತಿ ಮಾಡಿದ, ಅವನಿಗೆ ನೀರು ಕೊಟ್ಟೆ. ಮತ್ತೊಬ್ಬ ಬಂದ, ಮತ್ತೊಬ್ಬ. ಈಕಿ ಬರಲಿಲ್ಲ. ಮೇಲಿಂದ ಬಿದ್ದಳೇನೋ ಅನ್ನಿಸಿತು. ಬಿದ್ದಿದ್ದರೆ ಗದ್ದಲ ಆಗ್ತಿತ್ತು, ಗದ್ದಲ ಇಲ್ಲ, ಅಂದರೆ ಬಿದ್ದಿಲ್ಲ ಅಂತ ರೊಟ್ಟಿ ಬಿಚ್ಚಿ ತಿಂದೆ.

ಕಡೀಗೆ ಬಂದಳು. ಮಾರಿ ಸಣ್ಣದಾಗಿತ್ತು. ಎಲ್ಲಾ ಹೇಳಿದಳು. ವೇಳೆ ಉಳಿದಿತ್ತಂತ, ಸಾಹೇಬ ಹತ್ತಿಸಿದನಂತ. ಮೇಲೆ ಗೂಡಿನಲ್ಲಿ ಕೂಡಿಸಿ ಹಿಂದ ಮುಂದ ಸರಿಸಿ ನೋಡಿದರಂತ. ತಲಿ ತಿರುಗಲಿಲ್ಲ. ಆಮೇಲೆ ಅಲ್ಲೇ ಪೆಟ್ಟಿಗಿ ಒಟ್ಟೋ ಯಾರ್ಡಿನ ಕ್ರೇನಿನಲ್ಲಿ ಖಾಲಿ ಡಬ್ಬಿ ಎತ್ತಿಸಿದರು. ಮೊದಲ ಸಲ ಡಬ್ಬಿ ತೂಗಾಡಿತು, ಎರಡನೇ ಸಲ ಸುಮ್ಮನೆ ಕುಂತಿತು. ಹೋಗು, ತಿಳಿಸ್ತೀವಿ ಅಂದ ಸಾಹೇಬ.

"ಹೋತು ಆಯಿ," ಅಂದಳು. "ಒಂದು ಬೂಟಿನ ಸಲವಾಗಿ ಹೋತು."

"ಹೋಗಿದ್ರ ಹೈಡ್ರಾ ಅದ. ಬಂದ್ರ ಇದು ಅದ. ಈಗ ರೊಟ್ಟಿ ತಿನ್ನು, ಗಟ್ಟಿ ಆಗ್ಯಾವ," ಅಂದೆ.

ತಿಂದಳು. ಮನಿಗೆ ಬಂದ ಮೇಲೆ ಅವರಪ್ಪ ಕೇಳಿದ್ದಕ್ಕೆ ಬೂಟಿನ ಸುದ್ದಿ ಹೇಳಿದಳು. ಅವ ನಗ್ತಾನ ಅಂತ ನಾನು ಬಡಿಗಿ ಹಿಡಿದು ಕುಂತಿದ್ದೆ. ನಗಲಿಲ್ಲ. ಅವರ ಅಜ್ಜ ತಲಿ ಮೇಲೆ ಚಪ್ಪಲಿ ಇಡಿಸಿದ್ದನ್ನ ಅವನೂ ನೋಡಿದ್ದ. ಎದ್ದು ಹೊರಗೆ ಹೋದ.

ಮತ್ತ ಹೈಡ್ರಾ ಹೊಡೆಯಲಿಕ್ಕೆ ಹೋಗಾಕತ್ತಿದಳು. ಈಗ ಹತ್ತುವಾಗ ಚಪ್ಪಲಿ ಬಿಡಲಿಲ್ಲ. ಬಿಡಲಿಕ್ಕೆ ಹೋದ ಕಾಲನ್ನ ಹಿಡಿದು ನಿಲ್ಲಿಸ್ತೀನಿ ಅಂತ ಹೇಳ್ತಿದ್ದಳು. ಬಂದರಿನವರಿಂದ ಸುದ್ದಿ ಇಲ್ಲ. ಮಳಿಗಾಲ ಸುರುವಾತು, ಯಾರ್ಡು ಕೆಸರಾತು. ಆಮೇಲೆ ಒಂದು ದಿನ, ನಾನು ಮೆಣಸಿನಕಾಯಿ ತೊಟ್ಟು ಮುರೀತಿದ್ದೆ, ಮೊಬೈಲ್ ಹಿಡಿದು ಓಡಿ ಬಂದಳು. ತಗೊಂಡಾರ. ಆದರೆ ಹಡಗಿನ ಕ್ರೇನಿಗೆ ಅಲ್ಲ. ಮೊದಲು ಅಲ್ಲಿನ ಯಾರ್ಡಿನಲ್ಲಿ ಗಾಲಿ ಮೇಲೆ ನಡೆಯೋ ಕ್ರೇನು. ಅದರಲ್ಲಿ ಕೈ ಪಳಗಿದ ಮೇಲೆ ಹಡಗಿನ ಸಣ್ಣ ಕ್ರೇನು. ಆಮೇಲೆ ನಡುವಿಂದು. ದೊಡ್ಡದು ಎಲ್ಲಾ ಆದ ಮೇಲೆ.

ಸೊಸಿ ಎದ್ದು ಮಗಳ ತಲಿಗೆ ಎಣ್ಣಿ ಹಚ್ಚಿದಳು. ಮೂರನೇ ದಿನ ಸಂಜಿಗೆ ಮಗ ಬಜಾರದಿಂದ ಒಂದು ಡಬ್ಬಿ ತಂದು ಮುಂದ ಇಟ್ಟ. ಒಳಗೆ ಕಬ್ಬಿಣದ ಮೂತಿಯ ಬೂಟು, ಹೊಸಾವು. ಮಗಳ ಕಾಲಿನ ಅಳತಿ ಕೇಳದೆ ತಂದಿದ್ದ. ಆಕಿ ಹಾಕಿದರೆ ಹಿಮ್ಮಡಿ ಹಿಂದ ಬೆರಳು ಹೋಗೋವಷ್ಟು ಸಡಿಲ.

"ಬದಲಿಸಿ ತರ್ತೀನಿ," ಅಂದ.

"ಇರ್ಲಿ ಬಿಡಪ್ಪಾ, ದಪ್ಪ ಸಾಕ್ಸ್ ಹಾಕ್ಕೊಂಡ್ರ ಬರ್ತಾವ," ಅಂದಳು.

ಬೂಟು ಕೊಟ್ಟವ ಇನ್ನ ಹೋಗಬ್ಯಾಡ ಅನ್ನಲಿಕ್ಕೆ ಬರೋದಿಲ್ಲ. ಅದು ಅವನಿಗೂ ಗೊತ್ತಿತ್ತು. ಸ್ಟೇಷನ್ನಿಗೆ ತಾನೇ ಕರಕೊಂಡು ಹೋದ.

ಈಗ ಆಕಿ ಹೋಗಿ ಒಂದು ವರ್ಷದ ಮೇಲಾತು. ಯಾರ್ಡಿನ ಕ್ರೇನು ಮುಗಿಸಿ ಹಡಗಿನ ಸಣ್ಣ ಕ್ರೇನಿಗೆ ಬಂದಾಳ. ಬಿಡುವು ಸಿಕ್ಕಾಗ ಕೆಳಗೆ ಇಳಿದು ವಿಡಿಯೋ ಕಾಲ್ ಮಾಡ್ತಾಳ. ಮೇಲೆ ಮೊಬೈಲ್ ಮುಟ್ಟೋ ಹಾಂಗಿಲ್ಲ, ಅದೂ ಕಟ್ಟಳಿ. ಬೂಟಿನ ಸುದ್ದಿ ಏನಾತು ಅಂತ ನಾನು ಮೊದಲ ಸಲಾನೇ ಕೇಳಿದೆ.

ಅಪ್ಪ ಕೊಟ್ಟ ಬೂಟು ಮೇಲೇ ಇಟ್ಟಾಳಂತ, ಗೂಡಿನ ಬಾಗಿಲ ಹತ್ತಿರ. ಕೆಳಗಿನ ಕೆಸರು, ಎಣ್ಣಿ ತುಳಿದ ಬೂಟು ಹಾಕಿಕೊಂಡು ಮೇಲಿನ ತನಕ ಹೋಗ್ತಾಳ. ಬಾಗಿಲಿನಲ್ಲಿ ಕುಂತು ಅದನ್ನ ಕಳಚಿ, ಒರೆಸಿಟ್ಟ ಈ ಬೂಟು ಹಾಕ್ಕೊಂಡು ಒಳಗೆ ಕಾಲಿಡ್ತಾಳ. ಮೊದಲು ಸಾಹೇಬನನ್ನ ಕೇಳೇ ಮಾಡಿದ್ದು. ಕಾಲಿಗೆ ಬೂಟು ಇದ್ದರೆ ಸಾಕು, ಯಾವುದು ಅನ್ನೋದು ನಿನ್ನ ಪಾಡು ಅಂದನಂತ. ಈಕಿ ಪಾಳಿಯಲ್ಲಿ ಗಾಜಿನ ನೆಲಕ್ಕೆ ಎಣ್ಣಿ ಕಲಿ ಆಗೋದಿಲ್ಲ, ಕೆಳಗಿನ ಪೆಟ್ಟಿಗಿ ನಾಕು ಮೂಲಿ ಚೊಕ್ಕ ಕಾಣ್ತಾವ. ಅದೇ ಕ್ರೇನಿನ ಇನ್ನೊಂದು ಪಾಳಿಯವನೂ ಈಗ ಒಂದು ಜೋಡಿ ಮೇಲೆ ಇಟ್ಟಾನಂತ. ಅವನ ಬೂಟು ನಾರ್ತಾವ ಅಂತ ಬೈದಳು.

ಮೊನ್ನೆ ಮತ್ತ ಮಾಡಿದ್ದಳು. ಬೆನ್ನ ಹಿಂದ ಕ್ರೇನು ಕಾಣ್ತಿತ್ತು, ಕೈ ಕೆಳಗಿಳಿಸಿ ಹಡಗಿನ ಮೇಲೆ ಚಾಚಿತ್ತು. ನನ್ನ ಮಗ ಹೆಗಲ ಮೇಲಿಂದ ಇಣುಕಿ, ಇದು ಎಷ್ಟು ಸಾಲಿಗೆ ಮುಟ್ಟತದ ಅಂತ ಕೇಳಿದ. ಹದಿಮೂರು ಅಂದಳು. ಬರೋ ವರ್ಷ ಹದಿನೆಂಟರದ್ದಕ್ಕೆ ಪರೀಕ್ಷೆ ಕೊಡ್ತೀನಿ ಅಂದಳು. ಅವ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. "ಬೂಟು ಅಷ್ಟೊತ್ತಿಗೆ ಸವೀತಾವ, ಈ ಸಲ ಅಳತಿ ಹೇಳಿಬಿಡು," ಅಂದ.

ಆಕಿ ಕಾಲು ಎತ್ತಿ ಮೊಬೈಲಿಗೆ ತೋರಿಸಿದಳು. ಅದು ಕೆಳಗಿನ ಬೂಟು, ಮೈಯೆಲ್ಲಾ ಕೆಸರು. ಇವನ್ನ ಬದಲಿಸು, ಮೇಲಿನವು ಇನ್ನೂ ಹೊಸಾವೇ ಅದಾವ ಅಂದಳು.